ತಪ್ಪಿದ ಲಯ ಮರಳುವ ಬಗೆ

ಎದೆಯಲ್ಲಿ ಡಿಫಿಬ್ರಿಲೇಟರ್ ಅಳವಡಿಸಿಕೊಂಡವರ ಮನೆಯಲ್ಲಿ ಒಂದು ಅಂಜಿಕೆ ಸದಾ ಇರುತ್ತದೆ: ಅದು ಯಾವಾಗ ಶಾಕ್ ಕೊಡುವುದೋ? ಆದರೆ ಕೆಟ್ಟ ಲಯವೆಲ್ಲವೂ ಶಾಕಿನಿಂದಲೇ ಕೊನೆಗೊಳ್ಳುವುದಿಲ್ಲ. ಇದನ್ನು ಅರಿತರೆ ಅರ್ಧ ಭಯ ನೀಗುತ್ತದೆ.

ತಮ್ಮ ಹಿರಿಯ ವೈದ್ಯರೊಬ್ಬರು ಲಯದೋಷದಿಂದ ತೀರಿಕೊಂಡಾಗ ನೊಂದ ಡಾ. ಮಿಶೆಲ್ ಮಿರೋವ್‌ಸ್ಕಿ ಈ ಉಪಕರಣವನ್ನು ಕಲ್ಪಿಸಿದರು. 1980ರ ಫೆಬ್ರುವರಿಯಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಅದನ್ನು ಮೊದಲ ಬಾರಿಗೆ ಮನುಷ್ಯನ ದೇಹದಲ್ಲಿ ಅಳವಡಿಸಲಾಯಿತು.

ಹಿಂದೆ ಹೃದಯಾಘಾತವಾದವರ ಹೃದಯದಲ್ಲಿ ಗಾಯದ ಕಲೆ ಉಳಿದಿರುತ್ತದೆ. ವಿದ್ಯುತ್ ಪ್ರವಾಹವು ಆ ಕಲೆಯ ಸುತ್ತ ಗಾಣದ ಎತ್ತಿನಂತೆ ಸುತ್ತತೊಡಗಿದರೆ ಬಡಿತ ಮಿತಿಮೀರುತ್ತದೆ. ಇದು ಮೂರು ಬಗೆಯಲ್ಲಿ ಕೊನೆಗೊಳ್ಳಬಹುದು.

ಮೊದಲನೆಯದು, ಕೆಲವು ಕ್ಷಣಗಳಲ್ಲಿ ತಾನಾಗಿಯೇ ನಿಲ್ಲುವುದು. ಆದ್ದರಿಂದಲೇ ಉಪಕರಣವು ತುಸು ಕಾದು ನೋಡುವಂತೆ ವೈದ್ಯರು ಹೊಂದಿಸುತ್ತಾರೆ. ಹೀಗೆ ಕಾಯುವುದರಿಂದ ಅನಗತ್ಯ ಚಿಕಿತ್ಸೆಯೂ ಸಾವುಗಳೂ ಕಡಿಮೆಯಾದವೆಂದು 2012ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿತು.

ಎರಡನೆಯದು, ಕೆಟ್ಟ ಲಯಕ್ಕಿಂತ ಸ್ವಲ್ಪ ವೇಗವಾಗಿ ಉಪಕರಣವು ಎಂಟು ಹತ್ತು ಮೃದು ಬಡಿತಗಳನ್ನು ಕೊಡುವುದು. ಅವು ಸುತ್ತುವ ಪ್ರವಾಹದ ದಾರಿಗೆ ಅಡ್ಡಬಂದು ಅದನ್ನು ನಿಲ್ಲಿಸುತ್ತವೆ. ಅತಿ ವೇಗದ ಲಯಗಳಲ್ಲಿಯೂ ಸುಮಾರು ಮುಕ್ಕಾಲು ಪಾಲು ಹೀಗೆ ಶಮನವಾಗುವುದು ಕಂಡುಬಂದಿದೆ. ರೋಗಿಗೆ ಅನೇಕ ಸಲ ಇದು ತಿಳಿಯುವುದೇ ಇಲ್ಲ.

ಮೂರನೆಯದು ಶಾಕ್. ಹೃದಯ ಬಡಿಯದೆ ಬರೀ ಕಂಪಿಸುತ್ತಿದ್ದಾಗ ಸುಮಾರು 35ರಿಂದ 40 ಜೂಲ್‌ವರೆಗಿನ ಶಕ್ತಿಯು ಇಡೀ ಸ್ನಾಯುವನ್ನು ಒಮ್ಮೆಗೇ ತಡೆಯುತ್ತದೆ. ಬಳಿಕ ಸಹಜ ಬಡಿತ ಮರಳುತ್ತದೆ. ಒಂದೆರಡು ಅಡ್ಡ ಬಡಿತಗಳು ಬಂದು ಹೋಗುವುದೂ ಉಂಟು. ಲಯ ಮರಳದಿದ್ದರೆ ಉಪಕರಣ ಮತ್ತೆ ಶಾಕ್ ಕೊಡುತ್ತದೆ.

ಲಯ ನಿಂತಿತೆಂದರೆ ರೋಗ ವಾಸಿಯಾಯಿತೆಂದಲ್ಲ. ಗಾಯದ ಕಲೆ ಅಲ್ಲಿಯೇ ಇರುತ್ತದೆ. ಮಾತ್ರೆಗಳನ್ನು ಬಿಡಬಾರದು. ಒಂದೇ ಶಾಕ್ ಆಗಿ ರೋಗಿ ಗೆಲುವಾಗಿದ್ದರೆ ಅಂದೇ ವೈದ್ಯರಿಗೆ ತಿಳಿಸಬೇಕು. ಎರಡು ಮೂರು ಶಾಕ್ ಆದರೆ, ಎದೆನೋವು, ಉಬ್ಬಸ ಅಥವಾ ತಲೆಸುತ್ತು ಕಂಡರೆ ಕೂಡಲೇ 108ಕ್ಕೆ ಕರೆಮಾಡಬೇಕು. ಪ್ರಜ್ಞೆ ತಪ್ಪಿ ಉಸಿರಾಟ ನಿಂತರೆ ಎದೆಯೊತ್ತಲು ಹಿಂಜರಿಯಬಾರದು. ಆಗ ಶಾಕ್ ಬಂದರೂ ಮುಟ್ಟಿದವರಿಗೆ ತುಸು ಜುಮ್ಮೆನ್ನಬಹುದು, ಅಪಾಯವಿಲ್ಲ.

ದಂಡೋತಿ, ಚಿತ್ತಾಪುರ ಭಾಗದವರಿಗೆ ಕಲಬುರಗಿಯಲ್ಲಿಯೇ ಜಯದೇವ ಹೃದ್ರೋಗ ಆಸ್ಪತ್ರೆಯಿದೆ. ಆದರೆ ಕಾಗಿಣಾ ನದಿ ಉಕ್ಕಿ ದಂಡೋತಿಯ ಸೇತುವೆ ಮುಳುಗಿ ಸಂಚಾರ ನಿಂತ ದಿನಗಳೂ ಉಂಟು. ಆದುದರಿಂದ ಇಂಥ ರೋಗಿಯಿರುವ ಮನೆಯವರು ಮಳೆಗಾಲಕ್ಕೆ ಮುನ್ನವೇ ಉಪಕರಣದ ತಪಾಸಣೆ ಮಾಡಿಸಿ, ಮಾತ್ರೆಗಳನ್ನು ಸಾಕಷ್ಟು ತಂದಿಟ್ಟು, ಬದಲಿ ದಾರಿಯನ್ನು ವಿಚಾರಿಸಿಟ್ಟುಕೊಳ್ಳುವುದು ಲೇಸು. ಉಪಕರಣದ ಗುರುತಿನ ಚೀಟಿ ರೋಗಿಯ ಜೇಬಿನಲ್ಲಿ ಸದಾ ಇರಲಿ.