ಎರಡು ನಾಳಗಳ ಶ್ವಾಸನಿಯಾಮಕ

ಸಮುದ್ರದಡಿಯ ಇಪ್ಪತ್ತು ಸಾವಿರ ಲೀಗುಗಳ ಯಾನವನ್ನು ಕುರಿತು ಜೂಲ್ ವರ್ನನು ೧೮೬೯-೭೦ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ಓದಿದವರಿಗೆ, ಕ್ಯಾಪ್ಟನ್ ನೆಮೋ ತನ್ನ ಬಂದಿಯೂ ಅತಿಥಿಯೂ ಆದ ಪಂಡಿತನಿಗೆ ಉಸಿರಾಟದ ಯಂತ್ರವೊಂದನ್ನು ವಿವರಿಸುವ ಸಂದರ್ಭವು ನೆನಪಿನಲ್ಲಿರಬಹುದು. ಬೆನ್ನಿಗೆ ಕಟ್ಟಿದ ಗಾಳಿಯ ಪಾತ್ರೆಯಿಂದ ಎರಡು ರಬ್ಬರು ನಾಳಗಳು ಹೊರಡುತ್ತವೆ. ಒಂದು ಉಚ್ಛ್ವಾಸಕ್ಕೆ, ಇನ್ನೊಂದು ನಿಶ್ವಾಸಕ್ಕೆ. ಇದನ್ನು ಕೇವಲ ಕಲ್ಪನೆಯೆಂದು ದಾಟಿಹೋಗುವ ವಾಚಕರೇ ಹೆಚ್ಚು. ಆದರೆ ಅಲ್ಲಿ ಹೆಸರಿಸಲ್ಪಟ್ಟ ರೂಕೇರೋಲನೂ ದನೇರೂಝನೂ ನಿಜವಾಗಿ ಬಾಳಿದವರು. ಮೊದಲನೆಯವನು ಗಣಿಗಳ ಎಂಜಿನಿಯರು, ಎರಡನೆಯವನು ನೌಕಾದಳದ ಅಧಿಕಾರಿ. ಮನುಷ್ಯನು ಉಸಿರನ್ನೆಳೆದಾಗ ಮಾತ್ರ ಗಾಳಿಯನ್ನು ಬಿಡುವ ಕವಾಟವನ್ನು ಅವರು ೧೮೬೦ರ ದಶಕದಲ್ಲಿಯೇ ನಿರ್ಮಿಸಿದ್ದರು.

ಈ ಕವಾಟಕ್ಕೆ ಈಗ ರೆಗ್ಯುಲೇಟರು ಎಂದು ಹೆಸರು, ನಾವು ಶ್ವಾಸನಿಯಾಮಕವೆನ್ನಬಹುದು. ಇಂದು ಸ್ಕೂಬಾ ಮುಳುಗುಗಾರರು ಸಾಮಾನ್ಯವಾಗಿ ಬಳಸುವುದು ಒಂಟಿ ನಾಳದ್ದನ್ನು. ಆದರೂ ಕೆಲವರು ೧೯೫೦ರ, ೧೯೬೦ರ ದಶಕಗಳ ಎರಡು ನಾಳಗಳ ಯಂತ್ರಗಳನ್ನು ಹುಡುಕಿ ತಂದು, ರಬ್ಬರನ್ನು ಬದಲಿಸಿ, ಕಟ್ಟಿಕೊಂಡು ನೀರಿಗೆ ಇಳಿಯುತ್ತಾರೆ. ಇದು ಬರಿಯ ಪುರಾತನವಸ್ತುಗಳ ಮೋಹವೆಂದು ಹೇಳಿಬಿಡುವುದು ಸುಲಭ. ಆದರೆ ಎರಡನೆಯ ನಾಳವು ಏಕೆ ಹುಟ್ಟಿತೆಂಬುದನ್ನು ವಿಚಾರಿಸಿದರೆ, ಆ ಮಾತು ಸಾಲದೆಂದು ತೋರುತ್ತದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನಲ್ಲಿ ಪೆಟ್ರೋಲು ದುರ್ಲಭವಾಗಿತ್ತು. ಮೋಟಾರು ಗಾಡಿಗಳನ್ನು ಅನಿಲದಿಂದ ಓಡಿಸುವುದಕ್ಕಾಗಿ, ಏರ್ ಲಿಕೀಡ್ ಸಂಸ್ಥೆಯ ಎಂಜಿನಿಯರಾದ ಎಮೀಲ್ ಗಾನ್ಯಾಂ ಒಂದು ಕವಾಟವನ್ನು ರಚಿಸಿದ್ದನು. ನೌಕಾಧಿಕಾರಿಯಾದ ಜಾಕ್-ಈವ್ ಕೂಸ್ತೋ ತನ್ನ ಬೇಡಿಕೆಯೊಡನೆ ಪ್ಯಾರಿಸ್ಸಿಗೆ ಬಂದಾಗ, ಇವನು ತೋರಿಸಿದ್ದು ಅದನ್ನೇ. ಇಬ್ಬರೂ ಕೂಡಿ ಅದನ್ನು ನೀರಿಗೆ ಒಗ್ಗಿಸಿ, ೧೯೪೩ರ ಜನವರಿಯಲ್ಲಿ ಮಾರ್ನ್ ನದಿಯಲ್ಲಿ ಪರೀಕ್ಷಿಸಿದರು. ಅಡ್ಡಲಾಗಿ ಈಜುವಾಗ ಯಂತ್ರವು ಸರಿಯಾಗಿ ನಡೆಯಿತು. ನೆಟ್ಟಗೆ ನಿಂತರೆ ಗಾಳಿಯು ತಾನೇತಾನಾಗಿ ಸುರಿದು ವ್ಯರ್ಥವಾಯಿತು. ತಲೆಕೆಳಗಾದರೆ ಉಸಿರಾಡುವುದೇ ಕಷ್ಟವಾಯಿತು.

ಕಾರಣವು ಸರಳವಾದುದು. ನೀರಿನಲ್ಲಿ ಹತ್ತು ಮೀಟರು ಇಳಿದರೆ ಒತ್ತಡವು ಸುಮಾರು ಒಂದು ವಾಯುಮಂಡಲದಷ್ಟು ಏರುತ್ತದೆ. ೧೫ ಸೆಂಟಿಮೀಟರಿಗೆ ಅದು ವಾಯುಮಂಡಲದ ನೂರರಲ್ಲಿ ಒಂದೂವರೆ ಭಾಗ. ಲೆಕ್ಕಕ್ಕೆ ಇದು ಅಲ್ಪವೇ ಸರಿ, ಆದರೆ ಎದೆಯ ಸ್ನಾಯುಗಳಿಗೆ ಅಲ್ಪವಲ್ಲ. ನಿಯಾಮಕದ ಪೆಟ್ಟಿಗೆಯಲ್ಲಿ ಒಂದು ರಬ್ಬರು ಪೊರೆಯುಂಟು. ಅದರ ಹೊರಮೈಗೆ ನೀರು, ಒಳಮೈಗೆ ಗಾಳಿ. ಉಸಿರನ್ನೆಳೆದಾಗ ಒಳಗಿನ ಒತ್ತಡವು ತಗ್ಗಿ, ನೀರು ಪೊರೆಯನ್ನು ಒಳಕ್ಕೆ ನೂಕುತ್ತದೆ. ಪೊರೆಯು ಸನ್ನೆಯನ್ನು ಒತ್ತಿ ಕವಾಟವನ್ನು ತೆರೆಯುತ್ತದೆ. ಹೀಗೆ ಬರುವ ಗಾಳಿಯ ಒತ್ತಡವು ಪೊರೆಯಿರುವ ಮಟ್ಟದ ನೀರಿನ ಒತ್ತಡಕ್ಕೆ ಸಮನಾಗಿರುತ್ತದೆ. ನಿಶ್ವಾಸದ ದ್ವಾರವು ಆ ಮಟ್ಟಕ್ಕಿಂತ ಮೇಲಿದ್ದರೆ ಅಲ್ಲಿ ನೀರಿನ ತಡೆ ಕಡಿಮೆ; ಆದುದರಿಂದ ಗಾಳಿಯು ಯಾರೂ ಎಳೆಯದೆಯೇ ಹೊರಕ್ಕೆ ಹರಿಯುವುದು. ಕೆಳಗಿದ್ದರೆ ತಡೆಯು ಹೆಚ್ಚಿ, ಉಸಿರನ್ನು ಹೊರದೂಡಲು ಶ್ರಮಪಡಬೇಕಾಗುವುದು. ಪರಿಹಾರವೆಂದರೆ ನಿಶ್ವಾಸವನ್ನು ಬಾಯಿಂದ ಹಿಂದಕ್ಕೆ ಕೊಂಡೊಯ್ದು, ಪೊರೆಯ ಮಗ್ಗುಲಲ್ಲಿಯೇ ಬಿಡುವುದು. ಎರಡನೆಯ ನಾಳವಿರುವುದು ಇದೊಂದಕ್ಕಾಗಿಯೇ. ಎರಡರಿಂದಲೂ ಗಾಳಿ ಬರುತ್ತದೆಂಬ ಭಾವನೆಯು ತಪ್ಪು.

ಆದರೂ ಒಂದು ತೊಡಕು ಉಳಿಯಿತು. ಪೊರೆಯಿರುವುದು ಬೆನ್ನಿನ ಮೇಲೆ, ಶ್ವಾಸಕೋಶಗಳಿರುವುದು ಎದೆಯೊಳಗೆ. ಕವುಚಿ ಈಜುವವನು ಈ ಅಂತರದಷ್ಟು ಹೆಚ್ಚಾಗಿ ಗಾಳಿಯನ್ನು ಎಳೆಯಬೇಕು. ಅಂಗಾತನಾದರೆ ಗಾಳಿಯು ತಾನಾಗಿ ಎದೆಗೆ ನುಗ್ಗುವುದು. ಬಾಯಿಯ ಕೊಳವೆಯಲ್ಲಿ ನೀರು ತುಂಬಿದರೆ, ಎಡಮಗ್ಗುಲಿಗೆ ಹೊರಳಿ, ಆ ಕಡೆಯ ನಿಶ್ವಾಸನಾಳವನ್ನು ಕೆಳಗೆ ಮಾಡಿಕೊಂಡು ಊದಬೇಕು. ಒಂಟಿ ನಾಳದಲ್ಲಿ ಪೊರೆಯು ಬಾಯಿಯ ಮುಂದೆಯೇ ಇರುವುದರಿಂದ ಈ ವಿದ್ಯೆಯೆಲ್ಲ ಬಹುಮಟ್ಟಿಗೆ ಅನಾವಶ್ಯಕ. ಹಳೆಯ ಯಂತ್ರವನ್ನು ಕಟ್ಟಿದವನಾದರೋ, ಪ್ರತಿಯೊಂದು ಉಸಿರಿನಲ್ಲಿಯೂ ತನ್ನ ದೇಹದ ಭಂಗಿಯನ್ನು ಅರಿಯುತ್ತಿರುತ್ತಾನೆ. ಇದನ್ನು ದೋಷವೆನ್ನುವವರೂ ಉಂಟು, ಗುಣವೆನ್ನುವವರೂ ಉಂಟು. ಎರಡೂ ಒಂದೇ ಸಂಗತಿಯ ವರ್ಣನೆಗಳೆಂದು ನನ್ನ ಅಭಿಪ್ರಾಯ.

ವಿವಾದವಿಲ್ಲದ ಗುಣಗಳೂ ಇವೆ. ಗುಳ್ಳೆಗಳು ಮುಖದ ಮುಂದೆ ಭೋರ್ಗರೆಯದೆ ಕತ್ತಿನ ಹಿಂದೆ ಎದ್ದುಹೋಗುವುದರಿಂದ ದೃಷ್ಟಿಗೆ ಅಡ್ಡಿಯಿಲ್ಲ; ಛಾಯಾಚಿತ್ರಕಾರರಿಗೆ ಇದು ಪ್ರಿಯವಾದುದು ಸಹಜ. ಬಾಯಿಯಲ್ಲಿ ಲೋಹದ ಭಾರವಿಲ್ಲ. ತೇವದ ನಿಶ್ವಾಸವು ಬೇರೆ ನಾಳದಲ್ಲಿ ಹೋಗುವುದರಿಂದ ಗಾಳಿಯ ಕವಾಟವು ಒಣಗಿರುತ್ತದೆ. ೧೯೫೫ರಲ್ಲಿ ಬಂದ ‘ಮಿಸ್ತ್ರಾಲ್’ ಯಂತ್ರದಲ್ಲಿ ಚಲಿಸುವ ಭಾಗಗಳೇ ಕೆಲವು; ಅದನ್ನು ಬಿಚ್ಚಿ ಜೋಡಿಸಿದವನಿಗೆ ಅದರ ಮರ್ಮವೆಲ್ಲ ಕೈಗೆ ತಿಳಿಯುತ್ತದೆ. ೧೯೫೬ರ ಕಾನ್ ಉತ್ಸವದಲ್ಲಿ ಅತ್ಯುನ್ನತ ಬಹುಮಾನವನ್ನು ಪಡೆದ ಕೂಸ್ತೋವಿನ ‘ಮೌನಪ್ರಪಂಚ’ವೆಂಬ ಚಲಚ್ಚಿತ್ರವು ಈ ಯಂತ್ರದ ರೂಪವನ್ನು ಜನರ ಮನಸ್ಸಿನಲ್ಲಿ ಅಚ್ಚೊತ್ತಿತೆಂಬುದನ್ನೂ ಇಲ್ಲಿ ಮರೆಯಬಾರದು.

ಆಸ್ಟ್ರೇಲಿಯದ ಟೆಡ್ ಎಲ್ಡ್ರೆಡ್‌ನು ೧೯೫೨ರ ಹೊತ್ತಿಗೆ ಮಾರಾಟಕ್ಕೆ ತಂದ ‘ಪಾರ್ಪಾಯಿಸ್’ ಎಂಬ ಒಂಟಿ ನಾಳದ ಯಂತ್ರದ ಮಾರ್ಗವೇ ಕೊನೆಗೆ ಗೆದ್ದಿತು. ಅದು ನ್ಯಾಯವಾದ ಗೆಲುವು. ಸುಕ್ಕುಗಟ್ಟಿದ ರಬ್ಬರು ನಾಳಗಳು ಕಾಲಕ್ರಮದಲ್ಲಿ ಬಿರಿಯುತ್ತವೆ. ಗಾಳಿ ಮುಗಿದ ಜೊತೆಗಾರನಿಗೆ ಕೊಡಲು ಇನ್ನೊಂದು ಬಾಯಿಕೊಳವೆಯನ್ನು ಜೋಡಿಸುವ ಸ್ಥಳವೇ ಹಳೆಯ ಮಿಸ್ತ್ರಾಲಿನಲ್ಲಿ ಇಲ್ಲ. ಅದನ್ನು ಕಟ್ಟಿ ಇಳಿಯುವವನು ಇದನ್ನು ಮೊದಲೇ ಯೋಚಿಸಿರಬೇಕು. ೨೦೦೫ರಲ್ಲಿ ಅಕ್ವಾ ಲಂಗ್ ಸಂಸ್ಥೆಯು ಅದೇ ಹೆಸರಿನಿಂದ ಎರಡು ನಾಳಗಳ ಹೊಸ ಯಂತ್ರವೊಂದನ್ನು ತಂದಿತು. ಅದರ ಒಳಗಿನ ರಚನೆಯು ಈ ಕಾಲದ್ದು. ನಿಶ್ವಾಸದ ದ್ವಾರವು ಮಾತ್ರ, ಗಾನ್ಯಾಂ ಇಟ್ಟ ಹಾಗೆಯೇ, ಕತ್ತಿನ ಹಿಂದೆ ಪೊರೆಯ ಮಗ್ಗುಲಲ್ಲಿತ್ತು.