ಎಲೆಕ್ಟ್ರಾನುಗಳ ಹರಿವು: ‘ಪ್ರವಾಹ’ ಪದದ ಔಚಿತ್ಯ

ವಿದ್ಯುತ್ತನ್ನು ಕುರಿತು ನಾವು ಕನ್ನಡದಲ್ಲಿ ‘ಪ್ರವಾಹ’ ಎಂಬ ಪದವನ್ನು ಬಳಸುತ್ತ ಬಂದಿದ್ದೇವೆ. ಇದು ರೂಪಕವೆಂಬುದೇ ಈಗ ಮರೆತುಹೋಗಿದೆ. ಆದರೆ ಮನೆಯ ತಾಮ್ರದ ತಂತಿಯ ಮಟ್ಟಿಗೆ ಈ ರೂಪಕ ಸಡಿಲವಾದುದು. ಅಲ್ಲಿ ಎಲೆಕ್ಟ್ರಾನು ಕಲ್ಮಶ ಪರಮಾಣುಗಳಿಗೂ ಸ್ಫಟಿಕಜಾಲದ ಕಂಪನಗಳಿಗೂ ತಾಗಿ ಚೆದುರಿ, ತನ್ನ ಸಂವೇಗವನ್ನು ದಾರಿಯುದ್ದಕ್ಕೂ ಕಳೆದುಕೊಳ್ಳುತ್ತದೆ. ನೀರು ಹರಿಯುವ ಬಗೆ ಬೇರೆ. ನೀರಿನ ಕಣಗಳು ತಮ್ಮತಮ್ಮಲ್ಲಿ ತಾಕಲಾಡಿದಾಗ ಸಂವೇಗವು ಒಂದರಿಂದ ಇನ್ನೊಂದಕ್ಕೆ ಹಂಚಿಹೋಗುತ್ತದೆಯೇ ಹೊರತು ಒಟ್ಟು ಮೊತ್ತ ಕುಂದುವುದಿಲ್ಲ, ಕುಂದುವುದು ದಡದಲ್ಲಿ. ಆದುದರಿಂದಲೇ ಕಾಲುವೆಯ ನಡುವೆ ಸೆಳೆತ ಹೆಚ್ಚು, ಅಂಚಿನಲ್ಲಿ ಕಡಿಮೆ.

ಎಲೆಕ್ಟ್ರಾನುಗಳೂ ಹೀಗೆ ಹರಿಯಬಲ್ಲವೆಂದು 1963ರಲ್ಲಿ ಸೋವಿಯತ್ ಭೌತವಿಜ್ಞಾನಿ ಗುರ್ಝಿ ಪ್ರತಿಪಾದಿಸಿದರು. ಅವರು ಹೇಳಿದ ನಿಬಂಧನೆ ಕಠಿಣವಾದುದು: ವಾಹಕವು ಅತ್ಯಂತ ಶುದ್ಧವಾಗಿರಬೇಕು, ಕಿರಿದಾಗಿಯೂ ಇರಬೇಕು, ಎಲೆಕ್ಟ್ರಾನುಗಳ ಪರಸ್ಪರ ತಾಕಲಾಟವೇ ಮಿಕ್ಕೆಲ್ಲ ತಾಕಲಾಟಗಳಿಗಿಂತ ಪದೇಪದೇ ನಡೆಯಬೇಕು. ಹಾಗಾದಲ್ಲಿ ವಿಚಿತ್ರವೊಂದು ಸಂಭವಿಸುತ್ತದೆ. ತಾಮ್ರ ಕಾದಷ್ಟೂ ಅದರ ರೋಧ ಹೆಚ್ಚುವುದು ಎಲ್ಲರೂ ಬಲ್ಲ ಸಂಗತಿ. ಇಲ್ಲಿಯಾದರೋ ಎಲೆಕ್ಟ್ರಾನುಗಳು ಕಾದಂತೆ ರೋಧ ಇಳಿಯುತ್ತದೆ! ಕಾವು ಏರಿದಂತೆ ಅವುಗಳ ಪರಸ್ಪರ ತಾಕಲಾಟ ಹೆಚ್ಚುತ್ತದೆ. ನಡುವಿನ ಎಲೆಕ್ಟ್ರಾನು ನೆರೆಯವುಗಳ ನಡುವೆ ತಡವರಿಸುತ್ತ ಅಂಚನ್ನು ಮುಟ್ಟುವುದು ತಡವಾಗುತ್ತದೆ. ಅಂಚಿನಲ್ಲಿ ಆಗುವ ನಷ್ಟ ತಗ್ಗುತ್ತದೆ. ಸಂತೆಯ ನೂಕುನುಗ್ಗಲಿನಲ್ಲಿ ಸಿಕ್ಕವನು ಗೋಡೆಗೆ ಬಡಿಯದೆ ಗುಂಪಿನೊಡನೆ ಮುಂದೆ ಸಾಗುವಂತೆ ಎನ್ನಬಹುದು.

ಈ ತರ್ಕಕ್ಕೆ ಪ್ರಯೋಗದ ಪುರಾವೆ ಒದಗಲು ಮೂರು ದಶಕ ಬೇಕಾಯಿತು. 1995ರಲ್ಲಿ ಡಿ ಯೋಂಗ್ ಮತ್ತು ಮೊಲೆನ್‌ಕಾಂಪ್ ಅವರು ಗ್ಯಾಲಿಯಂ ಆರ್ಸನೈಡ್ ಅರೆವಾಹಕದ ತೆಳುಪದರದಲ್ಲಿ ಕೆಲವೇ ಮೈಕ್ರೊಮೀಟರ್ ಅಗಲದ ಕಾಲುವೆಗಳನ್ನು ರಚಿಸಿದರು. ಅವರ ಉಪಾಯ ಮೆಚ್ಚತಕ್ಕದ್ದು. ಸ್ಫಟಿಕವನ್ನು ಅತಿಶೈತ್ಯದಲ್ಲಿರಿಸಿ, ಪ್ರವಾಹವನ್ನು ಏರಿಸುವುದರಿಂದಲೇ ಎಲೆಕ್ಟ್ರಾನುಗಳನ್ನಷ್ಟೇ ಕಾಯಿಸಿದರು. ರೋಧವು ಮೊದಲು ತುಸು ಏರಿ, ಅನಂತರ ಇಳಿಯಿತು.

ದ್ರವವೆಂದ ಮೇಲೆ ಅದರ ಒಳಘರ್ಷಣೆಯ ಮಾತು ಬರಲೇಬೇಕು. ಇದಕ್ಕೆ ನಮ್ಮ ಪಠ್ಯಗಳು ಬಳಸುವ ಪದ ‘ಸ್ನಿಗ್ಧತೆ’. ಹಳೆಯ ಕಾವ್ಯಗಳನ್ನು ಓದಿದವರಿಗೆ ‘ಸ್ನಿಗ್ಧ’ ಎಂದರೆ ಎಣ್ಣೆಯ ನುಣುಪು, ಒಲವಿನ ನೋಟ. ತಡೆಯ ಅರ್ಥ ಅಲ್ಲಿಲ್ಲ. ಆದರೂ ಪಕ್ಕದ ಕಣವನ್ನು ತನ್ನೊಡನೆ ಎಳೆದೊಯ್ಯುವ ಗುಣಕ್ಕೆ ಈ ಪದ ಒಪ್ಪುತ್ತದೆಂದೇ ನಮ್ಮ ಅಭಿಪ್ರಾಯ. 2025ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಜಪಾನಿನ ಸಹೋದ್ಯೋಗಿಗಳೊಡನೆ ಪ್ರಕಟಿಸಿದ ಫಲಿತಾಂಶದಂತೆ, ಅತಿಶುದ್ಧ ಗ್ರಾಫೀನಿನಲ್ಲಿ ಎಲೆಕ್ಟ್ರಾನ್ ದ್ರವದ ಸ್ನಿಗ್ಧತೆ ಸಿದ್ಧಾಂತವು ಊಹಿಸುವ ಕನಿಷ್ಠ ಮಿತಿಗೆ ಸಮೀಪದಲ್ಲಿದೆ.

ಇದೇ ಗ್ರಾಫೀನಿನಲ್ಲಿ 2016ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ತಂಡವು ಪ್ರವಾಹ ಒಳಹೊಗುವ ಬಾಯಿಯ ಪಕ್ಕದಲ್ಲಿ ಋಣ ವೋಲ್ಟೇಜನ್ನು ಅಳೆದಿತ್ತು. ಅಲ್ಲಿ ಎಲೆಕ್ಟ್ರಾನುಗಳು ಹಿಮ್ಮುಖವಾಗಿ ತಿರುಗುತ್ತಿವೆಯೆಂಬುದು ಅದರ ವಿವರಣೆ. ಇದಕ್ಕೆ ಹೊಸ ಪದವನ್ನು ಟಂಕಿಸುವ ಶ್ರಮ ಬೇಡ. ಹೊಳೆಯ ದಡದಲ್ಲಿ ಬೆಳೆದವರು ಅದನ್ನು ‘ಸುಳಿ’ ಎನ್ನುತ್ತಾರೆ.