ಕಂಬಿ ಕಾಣದ ಪ್ರಾಣಿಲೋಕ

ಜರ್ಮನಿಯ ಪ್ರಾಣಿ ವ್ಯಾಪಾರಿ ಕಾರ್ಲ್ ಹಾಗೆನ್‌ಬೆಕ್ 1896ರಲ್ಲಿ ಪಡೆದ ಪೇಟೆಂಟ್ ಯಾವ ಯಂತ್ರದ್ದೂ ಅಲ್ಲ. ಕಂಬಿಗಳಿಲ್ಲದೆ ಪ್ರಾಣಿಗಳನ್ನು ತೋರಿಸುವ ಉಪಾಯದ್ದು. ಆ ಉಪಾಯ ಪೂರ್ಣವಾಗಿ ಕಣ್ಣಿಗೆ ಬಿದ್ದದ್ದು 1907ರಲ್ಲಿ, ಹ್ಯಾಂಬರ್ಗ್ ಬಳಿಯ ಸ್ಟೆಲಿಂಗೆನ್‌ನಲ್ಲಿ. ಮುಂದೆ ಕೊಳದ ಹಕ್ಕಿಗಳು, ಅವುಗಳ ಹಿಂದೆ ಹುಲ್ಲು ಮೇಯುವ ಪ್ರಾಣಿಗಳು, ಅದರಾಚೆ ಸಿಂಹ. ನಡುವಿನ ಕಂದಕಗಳು ನೋಡುಗರಿಗೆ ಕಾಣುತ್ತಿರಲಿಲ್ಲ. ಯಾವ ಪ್ರಾಣಿ ಎಷ್ಟು ದೂರ ಜಿಗಿದೀತು ಎಂಬ ಲೆಕ್ಕದ ಮೇಲೆ ಕಂದಕದ ಅಗಲ ನಿಂತಿತ್ತು.

1892ರಲ್ಲಿ ಶುರುವಾದ ಮೈಸೂರು ಮೃಗಾಲಯದಲ್ಲೂ ಇಂಥ ಕಂದಕದ ಬಯಲು ಆವರಣಗಳಿವೆ. ಅಲ್ಲಿನ ಹಳೆಯ ಮರಗಳ ನೆರಳು ಪ್ರಾಣಿಗಳಿಗಷ್ಟೇ ಅಲ್ಲ, ಮಕ್ಕಳನ್ನು ಹೆಗಲ ಮೇಲೆ ಹೊತ್ತು ನಡೆಯುವ ಅಪ್ಪಂದಿರಿಗೂ ಬೇಕು.

ಹಾಗೆನ್‌ಬೆಕ್ ಕಟ್ಟಿದ್ದು ರಂಗಸಜ್ಜಿಕೆ. ಪ್ರೇಕ್ಷಕ ಹೊರಗೇ ಉಳಿದ. ಅವನನ್ನೂ ಕಾಡಿನೊಳಕ್ಕೆ ಎಳೆದುಕೊಂಡದ್ದು ಅಮೆರಿಕದ ಸಿಯಾಟಲ್. 1970ರ ದಶಕದ ಕೊನೆಯಲ್ಲಿ ಅಲ್ಲಿನ ವುಡ್‌ಲ್ಯಾಂಡ್ ಪಾರ್ಕ್ ಮೃಗಾಲಯ, ನಿರ್ದೇಶಕ ಡೇವಿಡ್ ಹ್ಯಾಂಕಾಕ್ಸ್ ಮತ್ತು ಜೋನ್ಸ್ ಅಂಡ್ ಜೋನ್ಸ್ ಸಂಸ್ಥೆಯ ವಿನ್ಯಾಸಕಾರರ ಕೈಯಲ್ಲಿ, ಗೊರಿಲ್ಲಾಗಳಿಗೆ ಗಿಡಮರ ದಟ್ಟವಾಗಿ ಬೆಳೆದ ನೆಲೆಯೊಂದನ್ನು ಮಾಡಿತು. ರುವಾಂಡದಲ್ಲಿ ಗೊರಿಲ್ಲಾಗಳ ನಡುವೆ ವರ್ಷಗಟ್ಟಲೆ ಕಳೆದ ಡಯಾನ್ ಫಾಸಿಯ ಸಲಹೆಯೂ ಸಿಕ್ಕಿತ್ತು. ಆವರಣದಲ್ಲಿದ್ದಂಥದೇ ಪೊದೆಗಳು ನೋಡುಗರ ದಾರಿಯ ಎರಡೂ ಬದಿ ಬೆಳೆದವು. ದಾರಿ ತಿರುಗುತ್ತದೆ, ಮುಂದೇನಿದೆಯೋ ತಿಳಿಯದು, ಎಲೆಗಳ ಸಂದಿಯಲ್ಲಿ ಕಪ್ಪು ಭುಜವೊಂದು ಅಲುಗುತ್ತದೆ. ಎದುರು ಬದಿಯಲ್ಲಿ ಇನ್ನೊಂದು ಗುಂಪು ಜನ ಕಾಣದಂತೆಯೂ ಎಚ್ಚರ ವಹಿಸಿದ್ದರು; ಕಾಡಿನ ನಡುವೆ ಐಸ್‌ಕ್ರೀಂ ಹಿಡಿದವರು ಕಂಡರೆ ಭ್ರಮೆ ಅಲ್ಲಿಗೇ ಮುಗಿಯಿತು!

ಎತ್ತರದ ಲೆಕ್ಕವೂ ಇದೆ. ಗುಂಡಿಯಲ್ಲಿರುವ ಕರಡಿಯನ್ನು ಬಗ್ಗಿ ನೋಡುವವನಿಗೆ ಕಡಲೆಕಾಯಿ ಎಸೆಯುವ ಮನಸ್ಸಾಗುತ್ತದೆ. ಅದೇ ಕರಡಿ ಕಣ್ಣಿನ ಮಟ್ಟಕ್ಕಿಂತ ಮೇಲಿನ ದಿಬ್ಬದಲ್ಲಿ ನಿಂತರೆ ಅವನು ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ. ಸಿಂಗಪುರದ ನೈಟ್ ಸಫಾರಿ 1994ರಿಂದ ಬೆಳಕನ್ನೇ ಹೀಗೆ ದುಡಿಸಿಕೊಂಡಿದೆ: ಬೆಳದಿಂಗಳಿನಂಥ ಮಂದ ದೀಪ, ಅದರಾಚೆ ಕತ್ತಲು.

ಆದರೆ ಬಣ್ಣ ಬಳಿದ ಸಿಮೆಂಟ್ ಬಂಡೆಯೂ ಜನರನ್ನು ಮೆಚ್ಚಿಸಬಲ್ಲದು. ನೋಡುಗರ ಬೆರಗೊಂದನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಲಂಡನ್ ಮೃಗಾಲಯದ ಪೆಂಗ್ವಿನ್ ಕೊಳ ಸಾಕ್ಷಿ. ಬರ್ಥೋಲ್ಡ್ ಲುಬೆಟ್ಕಿನ್ 1934ರಲ್ಲಿ ಕಟ್ಟಿದ, ಸುರುಳಿ ಇಳಿಜಾರುಗಳ ಆ ಬಿಳಿ ಕಾಂಕ್ರೀಟ್ ಕೊಳ ವಾಸ್ತುಶಿಲ್ಪದ ಪುಸ್ತಕಗಳಿಗೆಲ್ಲ ಹೋಯಿತು. ಪೆಂಗ್ವಿನ್‌ಗಳ ಪಾದಗಳಿಗೆ ಮಾತ್ರ ಆ ಕಾಂಕ್ರೀಟ್ ಒಗ್ಗಲಿಲ್ಲ. 2004ರಲ್ಲಿ ಅವುಗಳನ್ನು ಬೇರೆಡೆಗೆ ಸಾಗಿಸಿದರು. ಕೊಳ ಸಂರಕ್ಷಿತ ಕಟ್ಟಡವಾಗಿ ಉಳಿದಿದೆ, ಪೆಂಗ್ವಿನ್‌ಗಳಿಲ್ಲದೆ.